ಮೂಲಧನ ಮತ್ತು ಬಡ್ಡಿ: ಸಂವಿಧಾನದ ತಿದ್ದುಪಡಿ ಮತ್ತು ಎಡನೀರಿನ ಮೊಕದ್ದಮೆ

(ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ದತ್ತಿ ಉಪನ್ಯಾಸಕ್ಕೆ ಒಪ್ಪಿಕೊಂಡ ಮೇಲೆ ಆ ದತ್ತಿಯ ಕಾಗದವನ್ನೊಮ್ಮೆ ಕೇಳಿ ಓದುವುದು ನಾನು ಇಟ್ಟುಕೊಂಡ ಪದ್ಧತಿ. ಈ ದತ್ತಿಯ ಕಾಗದ ಒಂದೇ ಪುಟದ್ದು. ತಂದೆತಾಯಿಯರ ನೆನಪಿಗೆ ಮಕ್ಕಳು ಬ್ಯಾಂಕಿನಲ್ಲಿಟ್ಟ ಹಣ; ಅದರ ಬಡ್ಡಿಯಿಂದ ವರ್ಷಕ್ಕೊಂದು ಉಪನ್ಯಾಸ. ವಿಷಯ ಯಾವುದು, ಮಾತಾಡುವವರು ಯಾರು, ದಿನ ಯಾವುದು, ಸಭೆ ಎಲ್ಲಿ ಎಂಬುದನ್ನೆಲ್ಲ ಆಯಾ ವರ್ಷದ ಸಮಿತಿಯೇ ತೀರ್ಮಾನಿಸಬಹುದು. ಒಂದು ಕೆಲಸ ಮಾತ್ರ ಯಾವ ಸಮಿತಿಯೂ ಮಾಡುವಂತಿಲ್ಲ. ಮೂಲಧನಕ್ಕೆ ಕೈ ಹಾಕುವಂತಿಲ್ಲ. ಸಮಿತಿಯವರೆಲ್ಲ ಒಮ್ಮತದಿಂದ ಕೈ ಎತ್ತಿದರೂ ಆಗದು. ಯಾಕೆಂದರೆ ಅವರು ಈ ಹಣದ ಮಾಲೀಕರಲ್ಲ, ನೋಡಿಕೊಳ್ಳುವವರು.

ನಮ್ಮ ಸಂವಿಧಾನವನ್ನು ತಿದ್ದುವ ಅಧಿಕಾರದ ಬಗ್ಗೆ ನಾನು ಹೇಳಬೇಕೆಂದಿರುವುದು ಈ ಒಂದು ಪುಟದೊಳಗೇ ಇದೆ. ಅದನ್ನು ಬಿಡಿಸಿ ಹೇಳುತ್ತೇನೆ.

ಶಾಪಾಶಯವಿಲ್ಲದ ಶಾಸನ

ದತ್ತಿ ಎಂಬ ಮಾತು ಈ ಸೀಮೆಗೆ ಹೊಸದಲ್ಲ. ಗೂಳೂರಿನ ಪಕ್ಕದ ಕೈದಾಳದಿಂದ ಹಿಡಿದು ಜಿಲ್ಲೆಯ ಉದ್ದಗಲಕ್ಕೂ ದತ್ತಿ ಬಿಟ್ಟ ಕಲ್ಲುಗಳಿವೆ. ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ ಪೂರ್ತಿ ತುಮಕೂರು ಜಿಲ್ಲೆಯ ಶಾಸನಗಳದ್ದೇ. ಇಂಥ ದಾನಶಾಸನಗಳ ಕೊನೆಗೆ ಸಾಮಾನ್ಯವಾಗಿ ಶಾಪಾಶಯ ಇರುತ್ತದೆ. ಸೂರ್ಯಚಂದ್ರರಿರುವ ತನಕ ಈ ಧರ್ಮ ನಡೆಯಲಿ, ಅಳಿದವನಿಗೆ ಇಂಥಿಂಥ ಪಾಪ ತಟ್ಟಲಿ ಎಂದು. ಬರೆಸಿದವನಿಗೆ ಮುಂದಿನವರ ಮೇಲೆ ನಂಬಿಕೆ ಸಾಲದು, ಅದಕ್ಕೇ ಶಾಪದ ಕಾವಲು.

1949ರ ನವೆಂಬರ್ 26ರಂದು ಸಂವಿಧಾನ ಸಭೆ ಅಂಗೀಕರಿಸಿದ ಪುಸ್ತಕದಲ್ಲಿ ಶಾಪಾಶಯವಿಲ್ಲ. 395 ವಿಧಿಗಳು, 22 ಭಾಗಗಳು, 8 ಅನುಸೂಚಿಗಳ ಆ ದೊಡ್ಡ ಬರಹದ ಕೊನೆಯ ಹೊತ್ತಿಗೆ ಬರುವುದು 368ನೇ ವಿಧಿ. ಅದು ಹೇಳುವುದು ಇದನ್ನು ತಿದ್ದುವುದು ಹೇಗೆ ಎಂಬುದನ್ನು. ಡಾ. ಅಂಬೇಡ್ಕರ್ ಅವರ ಕರಡು ಸಮಿತಿಗೂ, ಮೊದಲ ಕರಡನ್ನು ಸಿದ್ಧಪಡಿಸಿಕೊಟ್ಟ ಸಂವಿಧಾನ ಸಲಹೆಗಾರ, ಮಂಗಳೂರಿನ ಬೆನೆಗಲ್ ನರಸಿಂಗರಾಯರಿಗೂ ಒಂದು ವಿಷಯ ಸ್ಪಷ್ಟವಾಗಿತ್ತು. ಮುಂದೆ ಹುಟ್ಟುವವರ ಕೈಕಾಲು ಕಟ್ಟುವ ಹಕ್ಕು ತಮಗಿಲ್ಲ. ಅಂಗೀಕಾರದ ಹಿಂದಿನ ದಿನ, ನವೆಂಬರ್ 25ರಂದು, ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರು ಈ ಸಂವಿಧಾನವೇ ಮೈಸೂರಿಗೂ ಸಂವಿಧಾನ ಎಂದು ಘೋಷಣೆ ಹೊರಡಿಸಿದರು. ತಮ್ಮ ಮನೆತನದ ಅಧಿಕಾರ ಮುಗಿಯುವುದಕ್ಕೆ ತಾವೇ ರುಜು ಹಾಕಿದ ಕಾಗದ ಅದು.

ಹಾಗಾದರೆ ಮೂಲಧನ ಯಾವುದು? ಒಳಗಿನ ವಿಧಿಗಳ ಜೊತೆಗೆ ಪೀಠಿಕೆ ಓದಿದರೆ ತಿಳಿಯುತ್ತದೆ. ಈಗ ಶಾಲೆಗಳಲ್ಲಿ ಮಕ್ಕಳು ಅದನ್ನು ಗಟ್ಟಿಯಾಗಿ ಓದುತ್ತಾರೆ. ಮನೆಯಲ್ಲಿ ನಾವೂ ಒಮ್ಮೆ ನಿಧಾನಕ್ಕೆ ಓದಬೇಕು. ಅಧಿಕಾರದ ಮೂಲ ಜನ. ದೇಶದ ಮುಖ್ಯಸ್ಥ ಹುಟ್ಟಿನಿಂದ ಬರುವುದಿಲ್ಲ, ಆಯ್ಕೆಯಿಂದ ಬರುತ್ತಾನೆ. ಪ್ರತಿಯೊಬ್ಬ ವಯಸ್ಕನಿಗೂ ಒಂದು ಮತ, ಒಂದೇ ಮತ. ಸರ್ಕಾರವೂ ಮನಬಂದಂತೆ ಮುಟ್ಟಲಾಗದ ಮೂಲಭೂತ ಹಕ್ಕುಗಳು. ಸರ್ಕಾರ ಮಾಡಲೇಬೇಕಾದ ಕೆಲಸಗಳನ್ನು ನೆನಪಿಸುವ ನಿರ್ದೇಶಕ ತತ್ವಗಳು. ಕೇಂದ್ರಕ್ಕೂ ರಾಜ್ಯಕ್ಕೂ ಹಂಚಿದ ಅಧಿಕಾರ. ಯಾರ ಮುಖವನ್ನೂ ನೋಡದೆ ತೀರ್ಪು ಕೊಡಬೇಕಾದ ನ್ಯಾಯಾಲಯ. ಯಾವ ದೇವರನ್ನು ನಂಬಿದವನಿಗೂ, ನಂಬದವನಿಗೂ ಕಾನೂನಿನ ಮುಂದೆ ಒಂದೇ ಸಾಲು.

ತಿದ್ದುವ ದಾರಿಗಳು

ತಿದ್ದುಪಡಿ ಎಂದರೆ ಸಂಸತ್ತಿನಲ್ಲಿ ಬಹುಮತ ಸಿಕ್ಕರೆ ಸಾಕು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ.

ಮೊದಲನೆಯದು ಸಾಮಾನ್ಯ ಕಾನೂನಿನ ದಾರಿ. ರಾಜ್ಯಗಳ ಹೆಸರು, ಗಡಿ ಬದಲಿಸಲು ಇಷ್ಟು ಸಾಕು. 4ನೇ ವಿಧಿಯ ಪ್ರಕಾರ ಅದು 368ರ ಲೆಕ್ಕಕ್ಕೆ ತಿದ್ದುಪಡಿಯೇ ಅಲ್ಲ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದದ್ದು ಈ ದಾರಿಯಲ್ಲೇ. ನಮ್ಮ ಮಟ್ಟಿಗೆ ಅಷ್ಟು ದೊಡ್ಡ ದಿನ, ಸಂವಿಧಾನದ ಮಟ್ಟಿಗೆ ಒಂದು ಸಾಮಾನ್ಯ ಕಾಯ್ದೆ.

ಎರಡನೆಯದು ವಿಶೇಷ ಬಹುಮತ. ಇಲ್ಲಿ ಎರಡು ಅಳತೆಗಳನ್ನು ಒಟ್ಟಿಗೆ ದಾಟಬೇಕು. ಸದನದ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು, ಜೊತೆಗೆ ಹಾಜರಿದ್ದು ಮತ ಹಾಕಿದವರ ಮೂರನೇ ಎರಡು. ಲೋಕಸಭೆಯಲ್ಲಿ 543 ಸ್ಥಾನ. 360 ಜನ ಮತ ಹಾಕಿದರು ಎನ್ನಿ. ಮೂರನೇ ಎರಡು ಎಂದರೆ 240. ಆದರೆ ಅದು ಸಾಲದು. ಒಟ್ಟು ಬಲದ ಅರ್ಧ ದಾಟಲು 272 ಬೇಕು. 480 ಜನ ಮತ ಹಾಕಿದರೆ 272 ಸಾಲದು, 320 ಬೇಕು. ರಾಜ್ಯಸಭೆಯೂ ಬೇರೆಯಾಗಿ ಇದೇ ಲೆಕ್ಕ ದಾಟಬೇಕು. ಎರಡು ಸದನಗಳಿಗೆ ಭಿನ್ನಾಭಿಪ್ರಾಯ ಬಂದರೆ ಜಂಟಿ ಅಧಿವೇಶನ ಕರೆದು ಮುಗಿಸುವ ಅವಕಾಶವೂ ಇಲ್ಲಿಲ್ಲ.

ಈ ಲೆಕ್ಕ ಎಷ್ಟು ಬಿಗಿ ಎಂಬುದಕ್ಕೆ ಮೈಸೂರಿಗೆ ಸಂಬಂಧಿಸಿದ ಒಂದು ಸಂಗತಿಯಿದೆ. ಸಂಸ್ಥಾನಗಳು ವಿಲೀನವಾದಾಗ ಅರಸರಿಗೆ ರಾಜಧನ ಕೊಡುವುದಾಗಿ ಸಂವಿಧಾನವೇ ಮಾತು ಕೊಟ್ಟಿತ್ತು. ಮೈಸೂರಿನದು ವರ್ಷಕ್ಕೆ 26 ಲಕ್ಷ ರೂಪಾಯಿ. 1970ರಲ್ಲಿ ಅದನ್ನು ರದ್ದು ಮಾಡುವ ತಿದ್ದುಪಡಿ ಲೋಕಸಭೆಯನ್ನು ದಾಟಿ ಸೆಪ್ಟೆಂಬರ್ 5ರಂದು ರಾಜ್ಯಸಭೆಗೆ ಬಂತು. ಪರ 149, ವಿರುದ್ಧ 75. ಒಟ್ಟು 224ರ ಮೂರನೇ ಎರಡು ಎಂದರೆ 149ಕ್ಕಿಂತ ಒಂದು ಕೂದಲೆಳೆ ಹೆಚ್ಚು. 150ನೇ ಮತ ಇರಲಿಲ್ಲ. ಮಸೂದೆ ಬಿದ್ದುಹೋಯಿತು. ರಾಷ್ಟ್ರಪತಿಗಳ ಆದೇಶದಿಂದ ಅದೇ ಕೆಲಸ ಮಾಡಹೊರಟಾಗ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಚುನಾವಣೆ ನಡೆದು, ಹೊಸ ಲೋಕಸಭೆ ಬಂದು, 1971ರಲ್ಲಿ 26ನೇ ತಿದ್ದುಪಡಿಯಾಗಿ ರಾಜಧನ ಸರಿಯಾದ ಬಾಗಿಲಿನಿಂದಲೇ ಹೊರಹೋಯಿತು. ರಾಜಧನ ಹೋದದ್ದು ಸರಿ ಎಂದು ನಂಬುವವನು ನಾನು. ಆದರೆ ಒಂದು ಮತ ಕಡಿಮೆ ಬಿದ್ದದ್ದಕ್ಕೆ ದೇಶ ಕೊನೆಗೂ ತನ್ನದೇ ನಿಯಮಕ್ಕೆ ತಲೆಬಾಗಿ ಕಾದದ್ದು ಅದಕ್ಕಿಂತ ದೊಡ್ಡ ಸಂಗತಿ.

ಮೂರನೆಯ ದಾರಿ ಇನ್ನೂ ಉದ್ದ. ಕೇಂದ್ರ ಮತ್ತು ರಾಜ್ಯಗಳ ಅಧಿಕಾರದ ಪಟ್ಟಿಗಳು, ರಾಷ್ಟ್ರಪತಿ ಚುನಾವಣೆ, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳು, ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯ, ಸ್ವತಃ 368ನೇ ವಿಧಿ, ಇವನ್ನು ಮುಟ್ಟಬೇಕಾದರೆ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳೂ ಒಪ್ಪಬೇಕು.

ಈ ಕೊನೆಯ ಎರಡು ದಾರಿಗಳಲ್ಲಿ 2023ರ ಮಹಿಳಾ ಮೀಸಲಾತಿಯ ತನಕ 106 ತಿದ್ದುಪಡಿಗಳು ನಡೆದುಬಂದಿವೆ. ಬಹುಪಾಲು ನಮ್ಮ ಬದುಕಿಗೆ ಬಡ್ಡಿಯಾಗಿ ಸಂದಿವೆ. 61ನೆಯದು ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಇಲ್ಲಿ ಕೂತಿರುವ ಹುಡುಗರು ಮತ ಹಾಕುತ್ತಿರುವುದು ಅದರಿಂದ. 86ನೆಯದು 6ರಿಂದ 14ರ ವಯಸ್ಸಿನ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. 98ನೆಯದು ಬೀದರ್, ಕಲಬುರಗಿ, ರಾಯಚೂರುಗಳ ಕಲ್ಯಾಣ ಕರ್ನಾಟಕಕ್ಕೆ 371ಜೆ ತಂದುಕೊಟ್ಟಿತು. ತಿದ್ದುಪಡಿ ಎಂದರೆ ಅಪಾಯ ಎಂದು ಹೆದರುವವರಿಗೆ ಈ ಪಟ್ಟಿಯನ್ನು ತೋರಿಸಬೇಕು.

ಎಡನೀರು

ತಿದ್ದುವ ಈ ಅಧಿಕಾರಕ್ಕೆ ಮಿತಿಯಿದೆಯೇ ಎಂಬುದನ್ನು ತಿಳಿಯಲು ಈಗ ಕಾಸರಗೋಡಿಗೆ ಹೋಗೋಣ. ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಆ ವರ್ಷದ 7ನೇ ತಿದ್ದುಪಡಿ ಹೊಸ ರಾಜ್ಯಗಳ ನಕ್ಷೆಯನ್ನು ಸಂವಿಧಾನಕ್ಕೆ ಹೊಂದಿಸಿತು. ಅದೇ ತಿದ್ದುಪಡಿ 350ಎ ಎಂಬ ವಿಧಿಯನ್ನೂ ಸೇರಿಸಿ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಕೊಡಲು ರಾಜ್ಯಗಳು ಯತ್ನಿಸಬೇಕು ಎಂದಿತು. ಕಾಸರಗೋಡಿನ ಕನ್ನಡಿಗರ ಬೇಡಿಕೆಗಳಿಗೆ ಇಂದಿಗೂ ನೆಲೆ ಆ ವಿಧಿ.

ಆ ಕಾಸರಗೋಡಿನ ಹತ್ತಿರದ ಊರು ಎಡನೀರು. ತೋಟಕಾಚಾರ್ಯರ ಪರಂಪರೆ ತನ್ನದೆಂದು ಹೇಳುವ ಮಠ ಅಲ್ಲಿದೆ. 1960ರಲ್ಲಿ, ಇನ್ನೂ ಇಪ್ಪತ್ತರ ಹೊಸ್ತಿಲಲ್ಲಿದ್ದ ಕೇಶವಾನಂದ ಭಾರತಿ ಸ್ವಾಮಿಗಳು ಪೀಠಕ್ಕೆ ಬಂದರು. ಕನ್ನಡದ ಮಠ, ಸಂಗೀತ ಬಲ್ಲ, ಯಕ್ಷಗಾನವನ್ನು ಪೊರೆದ ಸ್ವಾಮಿಗಳು. ಕೇರಳದ ಭೂಸುಧಾರಣಾ ಕಾಯ್ದೆ, 1969ರ ಅದರ ತಿದ್ದುಪಡಿ ಮಠದ ಭೂಮಿಯನ್ನು ತಟ್ಟಿದವು. 1970ರ ಮಾರ್ಚ್‌ನಲ್ಲಿ ಸ್ವಾಮಿಗಳು ಸುಪ್ರೀಂ ಕೋರ್ಟಿಗೆ ಹೋದರು. ಕೇಳಿದ್ದು ಮಠದ ಆಸ್ತಿಯ ರಕ್ಷಣೆ. ಆದರೆ ಕಾಲ ಎಂಥದ್ದಾಗಿತ್ತು ಎಂದರೆ, ಆ ಸಣ್ಣ ಅರ್ಜಿಯ ಮೇಲೆ ದೇಶದ ದೊಡ್ಡ ಪ್ರಶ್ನೆ ಬಂದು ಕೂತಿತು.

ಸಂಸತ್ತು ಮೂಲಭೂತ ಹಕ್ಕುಗಳನ್ನೂ ತಿದ್ದಬಹುದೇ ಎಂಬ ಆ ಪ್ರಶ್ನೆ ಹಳೆಯದು. ಸಂವಿಧಾನ ಬಂದು ಒಂದೂವರೆ ವರ್ಷ ಕಳೆಯುವುದರೊಳಗೆ, 1951ರಲ್ಲಿ, ಜಮೀನ್ದಾರಿ ರದ್ದತಿಗಾಗಿ ಮೊದಲ ತಿದ್ದುಪಡಿ ಬಂದು, ಕೋರ್ಟಿನ ಪರಿಶೀಲನೆಯಿಂದ ಕಾಯ್ದೆಗಳನ್ನು ಕಾಪಾಡುವ ಒಂಬತ್ತನೇ ಅನುಸೂಚಿ ಹುಟ್ಟಿತ್ತು. ಮೂಲಭೂತ ಹಕ್ಕುಗಳನ್ನೂ ಸಂಸತ್ತು ತಿದ್ದಬಹುದು ಎಂದು 1951ರಲ್ಲೂ 1964ರಲ್ಲೂ ಕೋರ್ಟ್ ಒಪ್ಪಿತ್ತು. 1967ರ ಗೋಲಕನಾಥ್ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ 6–5ರಿಂದ ಅದಕ್ಕೆ ವಿರುದ್ಧವಾಗಿ ತೀರ್ಪಿತ್ತು. ಸಂಸತ್ತು 1971ರಲ್ಲಿ 24ನೇ ತಿದ್ದುಪಡಿಯಿಂದ ಉತ್ತರ ಕೊಟ್ಟಿತು: ಯಾವ ಭಾಗವನ್ನಾದರೂ ತಿದ್ದಬಹುದು, ರಾಷ್ಟ್ರಪತಿಗಳು ಅಂಕಿತ ಹಾಕಲೇಬೇಕು. 1972ರ 29ನೇ ತಿದ್ದುಪಡಿ ಕೇರಳದ ಭೂಕಾಯ್ದೆಗಳನ್ನು ಒಂಬತ್ತನೇ ಅನುಸೂಚಿಗೆ ಸೇರಿಸಿತು. ಎಡನೀರಿನ ಅರ್ಜಿ ಈಗ ಮಠದ್ದಷ್ಟೇ ಆಗಿ ಉಳಿಯಲಿಲ್ಲ.

13 ನ್ಯಾಯಮೂರ್ತಿಗಳು ಕೂತರು. ನಮ್ಮ ಸುಪ್ರೀಂ ಕೋರ್ಟಿನಲ್ಲಿ ಅದಕ್ಕಿಂತ ದೊಡ್ಡ ಪೀಠ ಹಿಂದೆಯೂ ಕೂತಿಲ್ಲ, ಆಮೇಲೂ ಕೂತು ತೀರ್ಪು ಕೊಟ್ಟಿಲ್ಲ. 1972ರ ಅಕ್ಟೋಬರ್ 31ರಿಂದ 1973ರ ಮಾರ್ಚ್ 23ರ ತನಕ 68 ದಿನ ವಾದ ನಡೆಯಿತು. ಸ್ವಾಮಿಗಳ ಪರ ನಾನಿ ಪಾಲ್ಖಿವಾಲಾ. ಕೇರಳದ ಪರ ಎಚ್.ಎಂ. ಸೀರ್ವಾಯಿ. ತಿದ್ದುವ ಅಧಿಕಾರಕ್ಕೆ ಒಳಗೇ ಅಡಗಿದ ಮಿತಿಗಳಿವೆ ಎಂಬ ವಾದವನ್ನು ಗೋಲಕನಾಥ್ ಹೊತ್ತಿಗೇ ಕೋರ್ಟಿನ ಮುಂದಿಟ್ಟವರು ಮಂಗಳೂರಿನಲ್ಲಿ ವಕೀಲಿಕೆ ಮಾಡಿದ್ದ ಎಂ.ಕೆ. ನಂಬಿಯಾರ್. ಜರ್ಮನಿಯ ಪ್ರಾಧ್ಯಾಪಕ ಡೀಟ್ರಿಚ್ ಕಾನ್ರಾಡ್ 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಾಡಿದ ಒಂದು ಉಪನ್ಯಾಸ ನಂಬಿಯಾರರ ಕೈಗೆ ಸಿಕ್ಕಿತ್ತು. ಹಿಟ್ಲರನ ಕಾಲವನ್ನು ಕಂಡ ದೇಶದಿಂದ ಬಂದವರು ಆ ಪ್ರಾಧ್ಯಾಪಕರು. ಕಾನೂನಿನ ದಾರಿಯಲ್ಲೇ ನಡೆದು ಸಂವಿಧಾನವನ್ನು ಮುಗಿಸಬಹುದು ಎಂಬುದು ಅವರ ನೆಲದ ಅನುಭವ. ಉಪನ್ಯಾಸಗಳಿಂದ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಈ ಸಂಗತಿಯನ್ನು ಹೇಳುತ್ತೇನೆ.

1973ರ ಏಪ್ರಿಲ್ 24

ಮುಖ್ಯ ನ್ಯಾಯಮೂರ್ತಿ ಎಸ್.ಎಂ. ಸಿಕ್ರಿಯವರ ನಿವೃತ್ತಿಗೆ ಉಳಿದಿದ್ದು ಒಂದೇ ದಿನ. ಆವತ್ತು ಹೊರಬಂದದ್ದು ಒಂದು ತೀರ್ಪಲ್ಲ, ಹನ್ನೊಂದು ಬೇರೆ ಬೇರೆ ಅಭಿಪ್ರಾಯಗಳು, ಎಲ್ಲ ಸೇರಿ 703 ಪುಟ. ಅಷ್ಟು ಬರಹದಲ್ಲಿ ಬಹುಮತ ಎಲ್ಲಿದೆ ಎಂದು ಹುಡುಕುವುದೇ ಕಷ್ಟ. ಸಿಕ್ರಿಯವರು ಬಹುಮತದ ಅಭಿಪ್ರಾಯ ಇದು ಎಂದು ಒಂದು ಚಿಕ್ಕ ಸಾರಾಂಶ ಬರೆದು ಸಹೋದ್ಯೋಗಿಗಳ ಮುಂದಿಟ್ಟರು. ಒಂಬತ್ತು ಜನ ರುಜು ಹಾಕಿದರು. ನಾಲ್ವರು ಹಾಕಲಿಲ್ಲ. ಇಂದು ದೇಶದ ಪ್ರತಿಯೊಂದು ಕಾನೂನು ಕಾಲೇಜಿನಲ್ಲಿ ಪಾಠವಾಗುವ ಸಿದ್ಧಾಂತ ಆ ಚಿಕ್ಕ ಕಾಗದದಲ್ಲಿತ್ತು. ಸಂಸತ್ತು ಸಂವಿಧಾನದ ಯಾವ ವಿಧಿಯನ್ನಾದರೂ ತಿದ್ದಬಹುದು, ಮೂಲಭೂತ ಹಕ್ಕುಗಳನ್ನೂ ತಿದ್ದಬಹುದು. ಆದರೆ ಸಂವಿಧಾನದ ಮೂಲಸಂರಚನೆಯನ್ನು ಅಳಿಸುವಂತಿಲ್ಲ.

ರುಜು ಹಾಕಿದವರು ಒಂಬತ್ತು ಜನರಾದರೂ ಈ ಮಿತಿಯ ಪ್ರಶ್ನೆಯಲ್ಲಿ ಅದು 7–6ರ ತೀರ್ಪು. ಒಬ್ಬರು ಆ ಕಡೆ ವಾಲಿದ್ದರೆ ಕಥೆ ಬೇರೆ. ತಕ್ಕಡಿಯನ್ನು ವಾಲಿಸಿದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ. ಆಸ್ತಿಯ ಹಕ್ಕು ಮೂಲಸಂರಚನೆಗೆ ಸೇರಿದ್ದಲ್ಲ ಎಂದೂ ಅವರು ಹೇಳಿದರು.

ಇನ್ನೊಂದು ಮುಖವನ್ನು ಮರೆಯಬಾರದು. ಎಡನೀರಿನ ಸ್ವಾಮಿಗಳು ತಾವು ಕೇಳಿದ್ದನ್ನು ಪಡೆಯಲಿಲ್ಲ. 24ನೇ ತಿದ್ದುಪಡಿಯನ್ನೂ 29ನೇ ತಿದ್ದುಪಡಿಯನ್ನೂ ಕೋರ್ಟ್ ಎತ್ತಿ ಹಿಡಿಯಿತು. ಭೂಸುಧಾರಣೆ ನಿಂತಿತು, ಗೇಣಿದಾರನಿಗೆ ನೆಲ ಉಳಿಯಿತು. ಇಲ್ಲಿ ಕರ್ನಾಟಕದಲ್ಲೂ ಮರುವರ್ಷ ದೇವರಾಜ ಅರಸರ ಸರ್ಕಾರ ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡುವ ಕಾಯ್ದೆ ಜಾರಿಗೆ ತಂದಿತು. ಮೂಲಸಂರಚನೆಯ ಸಿದ್ಧಾಂತ ಬಡವರ ಪರವಾದ ಸುಧಾರಣೆಗೆ ಅಡ್ಡಗಾಲು ಎನ್ನುವವರು ಈ ಪ್ರಕರಣವನ್ನು ಪೂರ್ತಿ ಓದಿಲ್ಲ. ನೆಲ ಉಳುವವನಿಗೆ ಹೋಯಿತು, ಹಕ್ಕು ಎಲ್ಲರಿಗೂ ಉಳಿಯಿತು.

ಬೆಲೆ ತೆತ್ತವರು ನ್ಯಾಯಮೂರ್ತಿಗಳು. ತೀರ್ಪಿನ ಬೆನ್ನಿಗೇ, ಬಹುಮತದಲ್ಲಿದ್ದ ಮೂವರು ಹಿರಿಯರನ್ನು ದಾಟಿ ಅವರಿಗಿಂತ ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಶೆಲತ್, ಹೆಗ್ಡೆ, ಗ್ರೋವರ್ ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು. ಈ ಹೆಗ್ಡೆ ಎಂದರೆ ನಮ್ಮ ಕಾರ್ಕಳ ಸೀಮೆಯ ಕೌಡೂರು ಸದಾನಂದ ಹೆಗ್ಡೆ. ನಾಲ್ಕು ವರ್ಷಗಳ ಮೇಲೆ ಅವರು ಲೋಕಸಭೆಯ ಸ್ಪೀಕರ್ ಆದರು. ಸಂಸತ್ತಿನ ಅಧಿಕಾರಕ್ಕೆ ಮಿತಿ ಬರೆದ ಕೈಯೇ ಸಂಸತ್ತಿನ ಗೌರವವನ್ನೂ ಕಾಯಿತು. ಎರಡರ ನಡುವೆ ಅವರು ವಿರೋಧ ಕಾಣಲಿಲ್ಲ. ನಮ್ಮ ಪಕ್ಕದ ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಹೆಸರನ್ನು ಹೊತ್ತ ನಿಟ್ಟೂರು ಶ್ರೀನಿವಾಸರಾಯರು, ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ, ದೇಶದ ಮೊದಲ ಕೇಂದ್ರ ಜಾಗೃತ ಆಯುಕ್ತರಾಗಿ ಬಾಳಿದ್ದೂ ಇದೇ ಧೈರ್ಯದ ಪರಂಪರೆಯಲ್ಲಿ.

ಬೆಂಗಳೂರಿನ ಎರಡು ಪ್ರಕರಣಗಳು

ಸಿದ್ಧಾಂತ ಉಳಿಯುತ್ತದೋ ಇಲ್ಲವೋ ಎಂಬ ಅನುಮಾನ ಬೇಗನೆ ಬಂತು. ತುರ್ತುಪರಿಸ್ಥಿತಿಯಲ್ಲಿ, 1975ರ ನವೆಂಬರ್‌ನಲ್ಲಿ, ಅದನ್ನು ಮರುಪರಿಶೀಲಿಸಲು ಮತ್ತೆ 13 ಜನರ ಪೀಠ ಕೂತು ಎರಡೇ ದಿನದಲ್ಲಿ ವಿಸರ್ಜನೆಯಾಯಿತು. 1976ರ 42ನೇ ತಿದ್ದುಪಡಿ 368ನೇ ವಿಧಿಗೇ ಹೊಸ ಸಾಲುಗಳನ್ನು ಸೇರಿಸಿತು: ತಿದ್ದುವ ಅಧಿಕಾರಕ್ಕೆ ಮಿತಿಯೇ ಇಲ್ಲ, ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ.

ಅದಕ್ಕೆ ಉತ್ತರ ಹುಟ್ಟಿದ್ದು ಬೆಂಗಳೂರಿನ ಒಂದು ಬಟ್ಟೆ ಗಿರಣಿಯಿಂದ. ಸರ್ಕಾರ ರಾಷ್ಟ್ರೀಕರಣ ಮಾಡಿದ್ದ ಮಿನರ್ವಾ ಮಿಲ್ಸ್‌ನ ಪ್ರಕರಣದಲ್ಲಿ, 1980ರ ಜುಲೈ 31ರಂದು, ಸುಪ್ರೀಂ ಕೋರ್ಟ್ ಆ ಸಾಲುಗಳನ್ನು ರದ್ದು ಮಾಡಿತು. ಮಿತಿಯುಳ್ಳ ಅಧಿಕಾರವನ್ನು ಪಡೆದವರು ಅದೇ ಅಧಿಕಾರ ಬಳಸಿ ಮಿತಿಯನ್ನೇ ತೆಗೆದುಹಾಕಲಾರರು ಎಂಬುದು ತೀರ್ಪಿನ ತಿರುಳು. ಬರೆದವರು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್. 1973ರಲ್ಲಿ ಅವರು ಸೋತ ಆರು ಜನರ ಸಾಲಿನಲ್ಲಿದ್ದರು. ತನ್ನ ವಿರುದ್ಧ ಹೋದ ತೀರ್ಪನ್ನು ಕಾನೂನೆಂದು ಒಪ್ಪಿ ಅದರ ಮೇಲೇ ಕಟ್ಟುವುದು ನ್ಯಾಯಾಧೀಶನ ಶೀಲ.

ಎರಡನೆಯದು ಎಸ್.ಆರ್. ಬೊಮ್ಮಾಯಿ ಪ್ರಕರಣ. 1989ರ ಏಪ್ರಿಲ್‌ನಲ್ಲಿ 19 ಶಾಸಕರ ಬೆಂಬಲ ಹೋಯಿತೆಂಬ ಪತ್ರಗಳನ್ನು ನಂಬಿ, ಸದನದಲ್ಲಿ ಬಲ ತೋರಿಸಲು ಅವಕಾಶವನ್ನೇ ಕೊಡದೆ, ಕರ್ನಾಟಕದ ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಲಾಯಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು: ಬಹುಮತ ಎಣಿಸುವ ಜಾಗ ರಾಜಭವನವಲ್ಲ, ಶಾಸನಸಭೆ. ಒಕ್ಕೂಟ ವ್ಯವಸ್ಥೆ, ಜಾತ್ಯತೀತತೆ ಎರಡೂ ಮೂಲಸಂರಚನೆಗೆ ಸೇರಿದವು. ಬೊಮ್ಮಾಯಿಯವರಿಗೆ ಕುರ್ಚಿ ಮರಳಿ ಬರಲಿಲ್ಲ. ಆದರೆ ಇಂದು ಯಾವ ರಾಜ್ಯದಲ್ಲಿ ಸರ್ಕಾರ ಅಲುಗಿದರೂ ವಿಶ್ವಾಸಮತ ಸದನದಲ್ಲಾಗಲಿ ಎಂದು ಜನ ಕೇಳುತ್ತಾರಲ್ಲ, ಆ ಮಾತಿನ ಹಿಂದೆ ನಿಂತಿರುವುದು ಒಬ್ಬ ಕನ್ನಡಿಗನ ಮೊಕದ್ದಮೆ.

ಆಯ್ಕೆಯಾಗದವರಿಗೆ ಈ ಅಧಿಕಾರ ಯಾಕೆ?

ಒಂದು ಆಕ್ಷೇಪ ಗಂಭೀರವಾದದ್ದು. ಜನ ಆರಿಸಿದ ಸಂಸತ್ತಿಗೆ ಬೇಡವೆನ್ನಲು ಜನ ಆರಿಸದ ನ್ಯಾಯಮೂರ್ತಿಗಳು ಯಾರು? ಮೂಲಸಂರಚನೆ ಎಂಬ ಪದ ಸಂವಿಧಾನದಲ್ಲಿ ಎಲ್ಲಿದೆ? ಪದ ಇಲ್ಲ, ನಿಜ. ಅದರ ಪಟ್ಟಿಯನ್ನು ಕೋರ್ಟ್ ಒಂದೇ ಸಲ ಬರೆದು ಮುಗಿಸಿಲ್ಲ, ಅದೂ ನಿಜ. ನ್ಯಾಯಾಲಯ ಎಡವಿದ ದಿನಗಳೂ ಇವೆ. ತುರ್ತುಪರಿಸ್ಥಿತಿಯಲ್ಲಿ ಬಂಧಿತನಿಗೆ ಬಿಡುಗಡೆ ಕೇಳುವ ದಾರಿಯನ್ನೇ ಅದು ಮುಚ್ಚಿತು, ಒಂಟಿಯಾಗಿ ಬೇಡವೆಂದವರು ಮತ್ತದೇ ಖನ್ನಾ.

ನನ್ನ ಉತ್ತರ ದತ್ತಿಯ ಕಾಗದದಲ್ಲಿದೆ. ಇಂದಿನ ಬಹುಮತವೂ ಜನರೇ. ಆದರೆ ನಾಳೆ ಹುಟ್ಟುವವರೂ ಜನರೇ. ಅವರಿಗಿನ್ನೂ ಮತವಿಲ್ಲ. ಅವರ ಪಾಲಿನ ಮೂಲಧನವನ್ನು ಇಂದಿನವರು ಖರ್ಚು ಮಾಡದಂತೆ ಯಾರಾದರೂ ತಡೆಯಬೇಕು. 106 ತಿದ್ದುಪಡಿಗಳಲ್ಲಿ ಕೋರ್ಟ್ ಪೂರ್ತಿಯಾಗಿ ಇಲ್ಲವೆ ಭಾಗಶಃ ರದ್ದು ಮಾಡಿದ್ದು ಬೆರಳೆಣಿಕೆಯಷ್ಟು. ಅಷ್ಟು ಮಿತವಾಗಿ ಬಳಸುವ ತನಕ ಈ ಅಧಿಕಾರ ಸಂಸತ್ತಿಗೆ ಶತ್ರುವಲ್ಲ.

ಶೆಟ್ಟಿಹಳ್ಳಿಯ ಪಾಲು

ಕೊನೆಗೆ ನಾವು ಕೂತಿರುವ ಜಾಗ. ಏಪ್ರಿಲ್ 24ಕ್ಕೆ ಇನ್ನೊಂದು ಗುರುತಿದೆ. ಕೇಶವಾನಂದ ಭಾರತಿ ತೀರ್ಪಿಗೆ ಸರಿಯಾಗಿ ಇಪ್ಪತ್ತು ವರ್ಷ ತುಂಬಿದ ದಿನ, 1993ರ ಏಪ್ರಿಲ್ 24ರಂದು, 73ನೇ ತಿದ್ದುಪಡಿ ಜಾರಿಗೆ ಬಂದು ಗ್ರಾಮ ಪಂಚಾಯಿತಿಗೆ ಸಂವಿಧಾನದಲ್ಲಿ ಸ್ಥಾನ ಸಿಕ್ಕಿತು. ಅದೇ ವರ್ಷದ ಜೂನ್ 1ರಂದು ನಗರಗಳಿಗಾಗಿ 74ನೆಯದು. ಇದರ ಹಿಂದೆ ಕರ್ನಾಟಕದ ಪ್ರಯೋಗವಿತ್ತು. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಅಬ್ದುಲ್ ನಜೀರ್ ಸಾಬ್ 1983ರ ಕಾಯ್ದೆಯಿಂದ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳನ್ನು ಕಟ್ಟಿ, ಹೆಣ್ಣುಮಕ್ಕಳಿಗೆ ನಾಲ್ಕರಲ್ಲೊಂದು ಸ್ಥಾನ ಮೀಸಲಿಟ್ಟಿದ್ದರು. ಸಂವಿಧಾನ ಅದನ್ನು ಮೂರರಲ್ಲೊಂದಕ್ಕೆ ಏರಿಸಿತು. ಕರ್ನಾಟಕ ಮುಂದೆ ಅರ್ಧಕ್ಕೆ ಏರಿಸಿತು.

ಶೆಟ್ಟಿಹಳ್ಳಿಯ ಹೆಸರಿನಲ್ಲಿ ಹಳ್ಳಿಯಿದೆ, ಆಡಳಿತದಲ್ಲಿ ಅದು ನಗರ. ತುಮಕೂರು 2010ರಲ್ಲಿ ಮಹಾನಗರ ಪಾಲಿಕೆಯಾಯಿತು, 35 ವಾರ್ಡುಗಳು. ಇಲ್ಲಿಂದ ಸ್ವಲ್ಪ ದೂರ ಹೋದರೆ ಗ್ರಾಮಸಭೆಯಿರುವ ಹಳ್ಳಿಗಳು. ಅಲ್ಲಿ 73ನೇ ತಿದ್ದುಪಡಿ, ಇಲ್ಲಿ 74ನೆಯದು. ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯಲೇಬೇಕೆಂದು 243ಯು ವಿಧಿ ಹೇಳುತ್ತದೆ. ಬೀದಿದೀಪ, ಚರಂಡಿ, ಕುಡಿಯುವ ನೀರಿನ ಮಾತು ಹನ್ನೆರಡನೇ ಅನುಸೂಚಿಯ 18 ವಿಷಯಗಳಲ್ಲಿ ಸೇರಿದೆ. ಮನೆಯ ಮುಂದಿನ ಚರಂಡಿಯ ಬಗ್ಗೆ ಪಾಲಿಕೆಯನ್ನು ಕೇಳುವಾಗ ನೀವು ಕೇಳುತ್ತಿರುವುದು ಸಂವಿಧಾನದ ಹೆಸರಿನಲ್ಲಿ.

ಕೇಶವಾನಂದ ಭಾರತಿ ಸ್ವಾಮಿಗಳು 2020ರ ಸೆಪ್ಟೆಂಬರ್ 6ರಂದು ಎಡನೀರಿನಲ್ಲಿ ತೀರಿಕೊಂಡರು. ಮಠದ ನೆಲಕ್ಕಾಗಿ ಹೋದ ಅವರ ಹೆಸರಿನಲ್ಲಿ ದೇಶಕ್ಕೊಂದು ಬೇಲಿ ಬಂತು.

ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಸಂವಿಧಾನದ ಕನ್ನಡ ಪುಸ್ತಕ ಒಂದು ಮನೆಯಲ್ಲಿರಲಿ. ಪೂರ್ತಿ ಓದಲು ಆಗದಿದ್ದರೆ ಪೀಠಿಕೆ, 12ರಿಂದ 35ರ ತನಕದ ಮೂಲಭೂತ ಹಕ್ಕುಗಳು, 243ರ ಸಾಲು, 368ನೇ ವಿಧಿ, ಇಷ್ಟನ್ನು ಓದಿ. ಮುಂದಿನ ತಿದ್ದುಪಡಿಯ ಸುದ್ದಿ ಬಂದ ದಿನ ಪಕ್ಷ ಯಾವುದೆಂದು ಕೇಳುವ ಮೊದಲು ಒಂದೇ ಪ್ರಶ್ನೆ ಕೇಳಿ: ಇದು ಬಡ್ಡಿಯ ಖರ್ಚೋ, ಮೂಲಧನದ ಖರ್ಚೋ? ಬಡ್ಡಿಯದಾದರೆ ಧಾರಾಳವಾಗಿ ಚರ್ಚಿಸಿ, ಒಪ್ಪಿ, ಇಲ್ಲವೆ ವಿರೋಧಿಸಿ. ಮೂಲಧನದ್ದಾದರೆ ಬೇಡ ಎನ್ನಿ. ಕೋರ್ಟು ಹೇಳುವ ತನಕ ಕಾಯಬೇಡಿ.